ಸ್ತ್ರಾತಿಸನಿಗೆ ಒಂದು ತುತ್ತು

ಬ್ರೈಟನ್, ಮೆಲ್ಬರ್ನ್
14 ಫೆಬ್ರವರಿ 1994

ಮಿರ್ಸೀನಿ ಅಕ್ಕನಿಗೆ,

ಅರೆತಿಯ ನಮಸ್ಕಾರ. ಈ ಕಾಗದ ಕಂಡು ನಿಮಗೆ ಆಶ್ಚರ್ಯವಾಗಬಹುದು, ಸಿಟ್ಟೂ ಬರಬಹುದು. ಇಪ್ಪತ್ತೆರಡು ವರ್ಷಗಳಿಂದ ನಾವಿಬ್ಬರೂ ಈಸ್ಟರ್ ಕಾರ್ಡಿನ ಕೆಳಗೆ ಹೆಸರು ಹಾಕುವುದು ಬಿಟ್ಟರೆ ಒಂದಕ್ಷರ ಬರೆದವರಲ್ಲ. ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಕೇಳಿಸುವುದಿಲ್ಲ, ಎದುರಿಗಿದ್ದವರ ತುಟಿ ನೋಡಿಯೇ ಮಾತು ತಿಳಿಯಬೇಕು. ದಯವಿಟ್ಟು ಓದದೆ ಒಲೆಗೆ ಹಾಕಬೇಡಿ. ನಿಮ್ಮ ತಮ್ಮ ಸ್ತ್ರಾತಿಸನ ವಿಷಯ.

ಕ್ರಿಸ್‌ಮಸ್ ಆದ ವಾರ ಇವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಇಂಗ್ಲಿಷ್ ಪೂರ್ತಿ ಮರೆತುಹೋಯಿತು. ಮೂವತ್ತು ವರ್ಷ ಕರಿದ ಮೀನಿನ ಅಂಗಡಿಯ ಕಟ್ಟೆಯ ಹಿಂದೆ ನಿಂತು ಗಿರಾಕಿಗಳ ಜತೆ ಹರಟಿದ ಮನುಷ್ಯ ಈಗ ಬರೀ ನಿಮ್ಮ ಊರಿನ ಮಾತಾಡುತ್ತಾರೆ. ಅದೂ ಎರಡೋ ಮೂರೋ ಮಾತು. ಊಟ ಮಾತ್ರ ಬೇಡ. ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುತ್ತಾರೆ. ಅರವತ್ತೊಂದು ಕಿಲೋ ಇದ್ದವರು ಐವತ್ನಾಲ್ಕಕ್ಕೆ ಇಳಿದಿದ್ದಾರೆ.

ನಾವೀಗ ನಮ್ಮವರೆಲ್ಲ ಇರುವ ಓಕ್ಲಿಯಲ್ಲಿಲ್ಲ. ಮಗಳು ಎವಾಂಥಿಯಾ (ನಿಮ್ಮ ಅಮ್ಮನ ಹೆಸರೇ, ಇಲ್ಲಿಯವರ ಬಾಯಲ್ಲಿ ಅವಳು ಬರೀ ಈವ್) ನಮ್ಮನ್ನು ತನ್ನ ಮನೆಗೆ ಕರೆತಂದಳು. ಸಮುದ್ರ ಹತ್ತಿರ, ಬೀದಿಗೆಲ್ಲ ಮರದ ನೆರಳು, ನಾಯಿಗಳಿಗೂ ಸ್ವೆಟರು. ತಿನ್ನುವುದಕ್ಕೆ ಮಾತ್ರ ನಮ್ಮದು ಅನ್ನುವುದೇನೂ ಸಿಗುವುದಿಲ್ಲ. ನೀಲಿ ಕಿಟಕಿಯ ಒಂದು ಗ್ರೀಕ್ ಹೋಟೆಲು ಇದೆ. ಆಸೆಯಿಂದ ಹೋದೆ. ಅಡುಗೆಯವನು ನ್ಯೂಜಿಲೆಂಡಿನವನು. ಸಾರು ಇದೆಯಾ ಅಂತ ಕೇಳಿದ್ದಕ್ಕೆ, "ಸಾರೆಲ್ಲ ಚಳಿಗಾಲದ ಮೆನುನಲ್ಲಿ ಮೇಡಂ," ಅಂದ.

ಇವರು ಕೇಳುವುದು ಒಂದೇ, ತ್ರಹಾನಾ. ಹುಳಿಹಾಲು, ಗೋಧಿನುಚ್ಚಿನ ಗಂಜಿ. ನಾನು ನಮ್ಮ ಕಲಮಾತಾ ಕಡೆಯಂತೆ ಪುಡಿ ಮಾಡಿದ ತ್ರಹಾನಾ ಕಾಯಿಸಿ ಕೊಟ್ಟೆ. ಉಗಿದರು. "ಇದಲ್ಲ ಕಣೇ. ಬಟ್ಟಲಿನದು. ಅಮ್ಮನದು," ಅಂದರು. ಮೂವತ್ತೈದು ವರ್ಷ ನನ್ನದನ್ನೇ ತಟ್ಟೆ ಒರೆಸಿ ತಿಂದಿದ್ದರು, ಅಕ್ಕ. ಎರಡು ಬಸ್ಸು ಹತ್ತಿ ಓಕ್ಲಿಗೂ ಹೋಗಿಬಂದೆ. ಅಲ್ಲಿ ಕ್ರೀಟಿನದಿದೆ, ಥ್ರೇಸಿನದಿದೆ. ನಿಮ್ಮ ದ್ವೀಪದ, ಬಟ್ಟಲಿನಾಕಾರದ್ದು ಯಾರ ಬಳಿಯೂ ಇಲ್ಲ.

ಮಾಡುವ ಕ್ರಮ ಬರೆದು ಕಳಿಸಿ. ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ. ಇವರು ಮನೆಯಲ್ಲೇ ಇದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ. ಊಟ ಒಂದೇ ಚಿಂತೆ.

ಅರೆತಿ


ಲೆಸ್ವೋಸ್
9 ಮಾರ್ಚ್ 1994

ಅರೆತಿಗೆ,

ಒಲೆಗೆ ಹಾಕಲಿಲ್ಲ. ಒಲೆಯ ಹತ್ತಿರ ಇಟ್ಟು ಎರಡು ದಿನ ನೋಡಿದೆ, ಆಮೇಲೆ ಒಡೆದೆ.

ಲಕ್ವ ಹೊಡೆದು ಎಂಟು ವಾರವಾದ ಮೇಲೆ ನನಗೆ ತಿಳಿಸುತ್ತಿದ್ದೀಯ. ಆಗಲಿ, ನಿನಗೆ ಇದು ಹೊಸದೇನಲ್ಲ. ಅಮ್ಮ ಹೋದಾಗ ನಾನು ಕಳಿಸಿದ ಟೆಲಿಗ್ರಾಂ ನಲವತ್ಮೂರು ದಿನ ನಿನ್ನ ಹಿಟ್ಟಿನ ಡಬ್ಬದ ಕೆಳಗೆ ಇತ್ತು. ಅವನ ಕೈ ಎಣ್ಣೆಯಲ್ಲಿ ಸುಟ್ಟಿತ್ತು, ಇನ್ನೊಂದು ನೋವು ಬೇಡ ಅಂದುಕೊಂಡೆ ಎಂದು ನೀನು ಆಮೇಲೆ ಬರೆದೆ. ನಲವತ್ತನೆಯ ದಿನದ ಪೂಜೆಯಲ್ಲಿ ಅಮ್ಮನ ಒಬ್ಬನೇ ಮಗನ ಹೆಸರಿನ ಮೇಣದಬತ್ತಿ ಹಚ್ಚುವವರಿರಲಿಲ್ಲ. ನಾನು ಎರಡು ಹಚ್ಚಿದೆ. ಪಾದ್ರಿ ಕೇಳಿದ್ದಕ್ಕೆ ಅಂಚೆ ತಡವಾಗಿದೆ ಅಂದೆ.

ತ್ರಹಾನಾ ಮಾಡುವುದು ಆಗಸ್ಟಿನಲ್ಲಿ, ಮಾರ್ಚಿನಲ್ಲಲ್ಲ. ಕೇಳಿದ್ದೀಯ ಅಂತ ಬರೆಯುತ್ತೇನೆ. ಕುರಿಹಾಲಿಗೆ ಉಪ್ಪು ಹಾಕಿ ಮಣ್ಣಿನ ಗಡಿಗೆಯಲ್ಲಿ ದಿನಾ ಕದಡುತ್ತ ಹುಳಿಯಲು ಬಿಡು. ಕುದಿಸು. ಗೋಧಿನುಚ್ಚು ಸುರಿದು ಸೌಟು ನಿಲ್ಲುವಷ್ಟು ಗಟ್ಟಿ ಮಾಡು. ಆರಿದ ಮೇಲೆ ಉಂಡೆ ಕಟ್ಟಿ ಹೆಬ್ಬೆರಳಲ್ಲಿ ಗುಳಿ ಒತ್ತಿ ಬಟ್ಟಲು ಮಾಡು. ಬಿಸಿಲಿಗೆ ಎಂಟು ದಿನ. ಇಷ್ಟೇ.

ಅವನ ಎಡಗೈ ನೆಟ್ಟಗಿದೆಯಲ್ಲ. ಅವನೇ ಯಾಕೆ ಒಂದು ಸಾಲು ಬರೆಯುವುದಿಲ್ಲ?

ಮಿರ್ಸೀನಿ


ಬ್ರೈಟನ್
6 ಏಪ್ರಿಲ್ 1994

ಮಿರ್ಸೀನಿ ಅಕ್ಕನಿಗೆ,

ತ್ರಹಾನಾದ ಸುದ್ದಿಯನ್ನಷ್ಟೇ ಬರೆಯುತ್ತೇನೆ.

ಇಲ್ಲಿ ಕುರಿ ಅಂದರೆ ಉಣ್ಣೆ ಮತ್ತು ಮಾಂಸ. ಅದರ ಹಾಲು ಕೇಳಿದ್ದಕ್ಕೆ ಅಂಗಡಿಯವಳು ನನ್ನ ಮುಖ ನೋಡಿದಳು. ಮೇಕೆಹಾಲು ಸಿಕ್ಕಿತು. ಗ್ಯಾರೇಜಿನಲ್ಲಿಟ್ಟು ಹುಳಿಸಿದೆ. ಅಳಿಯ ಕ್ರೇಗ್ ಏನೋ ಸತ್ತಿದೆ ಅಂತ ಎರಡು ದಿನ ಇಲಿ ಹುಡುಕಿದ. ಬಟ್ಟಲು ಮಾಡಿದ್ದಾಯಿತು, ಒಣಗಿಸುವುದೆಲ್ಲಿ? ನಾಲ್ಕೂ ಕಡೆ ಮರ. ಅಂಗಳದಲ್ಲಿ ಒಂದು ಟವೆಲಿನಷ್ಟು ಬಿಸಿಲು ಬೀಳುತ್ತದೆ, ಅದೂ ಅರ್ಧ ಗಂಟೆ. ಈ ಊರಿನವರು ಆ ನೆರಳಿಗೇ ಸಾಲ ಮಾಡಿ ಬಂದು ಸೇರುತ್ತಾರೆ.

ಕೊನೆಗೆ ಮಂಚದ ಹೊದಿಕೆ ಹೊತ್ತು ಸಮುದ್ರದ ದಂಡೆಗೆ ಹೋದೆ. ಅಲ್ಲಿ ಸ್ನಾನಕ್ಕೆ ಬರುವವರು ಬಟ್ಟೆ ಬದಲಾಯಿಸಲೆಂದು ಬಣ್ಣಬಣ್ಣದ ಮರದ ಗೂಡುಗಳ ಸಾಲಿದೆ. ಅದರ ಮುಂದೆ ಹೊದಿಕೆ ಹಾಸಿ ಅರವತ್ತು ಬಟ್ಟಲು ಹರವಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಆರು ದಿನ ಹೀಗೆ. ಮೂರನೆಯ ದಿನ ಟೋಪಿ ಹಾಕಿದ ಅಧಿಕಾರಿಯೊಬ್ಬ ಬಂದ.

"ಇಲ್ಲಿ ವ್ಯಾಪಾರ ಮಾಡೋ ಹಾಗಿಲ್ಲಮ್ಮಾ."

"ಮಾರ್ತಿಲ್ಲಪ್ಪಾ, ಒಣಗಿಸ್ತಿದೀನಿ."

"ಏನದು? ಚಿಪ್ಪಾ?"

"ನನ್ನ ಗಂಡನ ಊಟ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು ಹೊರಟುಹೋದ. ಸಮುದ್ರದ ಹಕ್ಕಿಗಳಿಗೆ ಅಷ್ಟು ಮರ್ಯಾದೆ ಇರಲಿಲ್ಲ. ಅರವತ್ತರಲ್ಲಿ ಹತ್ತೊಂಬತ್ತು ಉಳಿದವು.

ಕಾಯಿಸಿ ತಿನ್ನಿಸಿದೆ. ಇವರು ಒಂದು ಚಮಚ ಬಾಯಲ್ಲಿ ಆಡಿಸಿದರು. "ಹುಳಿ ಇದೆ. ವಾಸನೆ ಎಲ್ಲೇ?" ಅಂದರು. ಹಲ್ಲು ಕಚ್ಚಿಬಿಟ್ಟರು.

ಅಕ್ಕ, ನಾನೂ ಅಡುಗೆ ಮಾಡಿಕೊಂಡೇ ಬಂದವಳು. ನೀವು ಏನನ್ನೋ ಬಿಟ್ಟು ಬರೆದಿದ್ದೀರಿ. ನನ್ನ ಮೇಲಿನ ಸಿಟ್ಟಿಗೆ ನನ್ನನ್ನು ಹಸಿವಿನಿಂದ ಸಾಯಿಸಿ, ಬೇಡವೆನ್ನುವುದಿಲ್ಲ. ಸಾಯುತ್ತಿರುವವರು ನಿಮ್ಮ ತಮ್ಮ. ಐವತ್ತು ಕಿಲೋ.

ಅರೆತಿ


ಲೆಸ್ವೋಸ್
20 ಏಪ್ರಿಲ್ 1994

ಅರೆತಿ,

ಬಿಟ್ಟಿದ್ದೆ, ನಿಜ. ನಾಚಿಕೆಯಾಗಿದೆ, ಅದನ್ನು ಸುತ್ತಿಬಳಸಿ ಹೇಳುವುದಿಲ್ಲ.

ಹಾಲು ಕದಡುವುದು ಸೌಟಿನಲ್ಲಲ್ಲ. ಅಂಜೂರದ ಹಸಿ ಕೊಂಬೆಯಲ್ಲಿ. ಆಗಷ್ಟೇ ಮುರಿದದ್ದು, ತುದಿಯಲ್ಲಿ ಬಿಳಿ ಹಾಲು ಒಸರುತ್ತಿರಬೇಕು. ದಿನಕ್ಕೊಂದು ಹೊಸ ಕೊಂಬೆ. ಅಮ್ಮ ಇದನ್ನು ನೆರೆಹೊರೆಯವರಿಗೂ ಹೇಳುತ್ತಿರಲಿಲ್ಲ. ಅವರ ಮುಂದೆ ಸೌಟು ಹಿಡಿಯುತ್ತಿದ್ದಳು, ಅವರು ಹೋದಮೇಲೆ ಕೊಂಬೆ. ಆ ವಾಸನೆಯನ್ನೇ ಅವನು ಕೇಳುತ್ತಿರುವುದು. ಮುಂಜಾನೆ ಅಮ್ಮನಿಗೆ ಕೊಂಬೆ ಮುರಿದು ತರುತ್ತಿದ್ದವನೇ ಅವನು.

ನೀನು ಹುಳಿಸಿ ಒಣಗಿಸುವವರೆಗೆ ಅವನು ಕಾಯಲಾರ. ಕಳೆದ ಆಗಸ್ಟಿನ ಹನ್ನೆರಡು ಬಟ್ಟಲುಗಳನ್ನು ಪಾರ್ಸೆಲ್ ಮಾಡಿದ್ದೇನೆ. ಉಣ್ಣೆಯ ಕಾಲುಚೀಲದೊಳಗೆ ತುರುಕಿ, ಕಾಲುಚೀಲಗಳನ್ನು ದಿಂಬಿನೊಳಗೆ ಹೊಲಿದಿದ್ದೇನೆ. ಅಂಚೆಯವನು "ಏನಜ್ಜಿ, ದಿಂಬು ಇಷ್ಟು ಗಟ್ಟಿ?" ಅಂದ. "ನನ್ನ ತಮ್ಮನ ತಲೆ ಅದಕ್ಕಿಂತ ಗಟ್ಟಿ," ಅಂದೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಮನೆಯಲ್ಲಿ ಹೆಂಡತಿ, ಮಗಳು ಇರುವಾಗ ಮನುಷ್ಯ ಇಷ್ಟು ಇಳಿದುಹೋಗುವುದು ಹೇಗೆ? ಅವನ ಜೊತೆ ಕೂತು ಉಣ್ಣುವವರಾದರೂ ಇದ್ದಾರೆಯೇ?

ಮಿರ್ಸೀನಿ


ಬ್ರೈಟನ್
14 ಮೇ 1994

ಮಿರ್ಸೀನಿ ಅಕ್ಕನಿಗೆ,

ದಿಂಬು ಬರಲಿಲ್ಲ. ಅದರ ಬದಲು ಒಂದು ಕಾಗದ ಬಂತು. ಹೊರದೇಶದ ಹಾಲಿನ ಪದಾರ್ಥ ಒಳಗೆ ಬಿಡುವಂತಿಲ್ಲ, ನಾಶಪಡಿಸಲಾಗಿದೆ ಅಂತ. ಈವ್ ಫೋನ್ ಮಾಡಿ ಅರ್ಧ ಗಂಟೆ ಬೇಡಿಕೊಂಡಳು. ಸುಟ್ಟುಬಿಟ್ಟಿದ್ದರು. ಕಾಲುಚೀಲಗಳನ್ನೂ.

ನೀವು ಕೇಳಿದ್ದಕ್ಕೆ ಈಗ ನಿಜ ಹೇಳುತ್ತೇನೆ. ಇವರು ಮನೆಯಲ್ಲಿಲ್ಲ. ಫೆಬ್ರವರಿ ಮೊದಲ ವಾರದಿಂದ ಸಮುದ್ರದ ರಸ್ತೆಯ ವೃದ್ಧಾಶ್ರಮದಲ್ಲಿದ್ದಾರೆ. ನಿಮಗೆ ಮೊದಲ ಕಾಗದ ಬರೆದದ್ದೇ ಅಲ್ಲಿ, ಅವರ ಮಂಚದ ಪಕ್ಕದಲ್ಲಿ ಕೂತು. ನನ್ನಿಂದ ಎತ್ತಲು ಆಗಲಿಲ್ಲ, ಎರಡು ಸಲ ಬೀಳಿಸಿದೆ. ನಮ್ಮವರು ಯಾರಾದರೂ ಗಂಡನನ್ನು ಅಲ್ಲಿ ಬಿಡುತ್ತಾರೆಯೇ? ಓಕ್ಲಿಯ ಚರ್ಚಿನಲ್ಲಿ ಕೇಳಿದವರಿಗೂ ಮನೆಯಲ್ಲಿದ್ದಾರೆ ಅಂತಲೇ ಹೇಳಿದ್ದೇನೆ. ಬೆಳಿಗ್ಗೆ ಏಳಕ್ಕೆ ಹೋಗುತ್ತೇನೆ, ಸಂಜೆ ಅಲ್ಲಿಯವರು ಕಳಿಸಿದಾಗ ಬರುತ್ತೇನೆ. ಅಲ್ಲಿ ಮೂರು ಹೊತ್ತೂ ಕುಂಬಳಕಾಯಿ ಅರೆದದ್ದು. ನರ್ಸು ಒಳ್ಳೆಯವಳು, ಆದರೆ "ಗ್ರೀಕ್ ಊಟಾನೂ ಇದೆ ನೋಡಿ," ಅಂತ ಒಂದು ದಿನ ಆ ಕುಂಬಳಕಾಯಿಯ ಮೇಲೆ ಆಲಿವ್ ಇಟ್ಟು ತಂದಳು.

ಇನ್ನೂ ಒಂದು ಮುಚ್ಚಿಟ್ಟಿದ್ದೆ. ಇವರಿಗೆ ನಾನು ಯಾರೆಂದು ತಿಳಿಯುವುದಿಲ್ಲ. ನನ್ನನ್ನು ಮಿರ್ಸೀನಿ ಅನ್ನುತ್ತಾರೆ. ಅದಕ್ಕೇ ನಿಮಗೆ ಸಾಲು ಬರೆಸಲಿಲ್ಲ. ನೀವು ಪಕ್ಕದಲ್ಲೇ ಇದ್ದೀರಿ ಅಂದುಕೊಂಡಿರುವಾಗ ಕಾಗದ ಯಾರಿಗೆ ಬರೆಯುತ್ತಾರೆ?

ಅಂಜೂರ ಸಿಕ್ಕಿತು. ಹಿಂದಿನ ಬೀದಿಯಲ್ಲಿ ಮಿಸೆಸ್ ವಿನ್‌ಸ್ಲೋ ಅನ್ನುವ ಮುದುಕಿಯ ಬೇಲಿಯ ಮೇಲೆ ಬಾಗಿತ್ತು. ಮೊದಲ ದಿನ ಕದ್ದೆ. ಎರಡನೆಯ ದಿನ ಸಿಕ್ಕಿಬಿದ್ದೆ. "ಹಣ್ಣೆಲ್ಲ ಮುಗೀತು, ಬರೀ ಕಡ್ಡಿ ಯಾಕೆ?" ಅಂದಳು. ಹೇಳಿದೆ. ಮಾರನೆಯ ದಿನದಿಂದ ಅವಳೇ ಕೊಂಬೆ ಮುರಿದು ಗೇಟಿಗೆ ಸಿಕ್ಕಿಸಿ ಇಡುತ್ತಿದ್ದಳು. ಈ ಸಲ ಮಗಳ ಹೀಟರಿನ ಮುಂದೆ ಒಣಗಿಸಿದೆ.

ಅಕ್ಕ, ಅದೇ ಆಯಿತು. ಅದೇ ವಾಸನೆ. ಚಮಚ ತುಟಿಗೆ ತಾಗಿದ ಕೂಡಲೇ ಇವರ ಮುಖ ಬಿಚ್ಚಿಕೊಂಡಿತು. ಬಾಗಿಲ ಕಡೆ ನೋಡಿದರು.

"ಅಮ್ಮ ಬಂದ್ಲಾ?"

"ಬರ್ತಿದಾರೆ."

"ಎಲ್ಲಿದಾಳೆ?"

"ದಾರೀಲಿದಾರೆ. ನೀವು ತಿನ್ನಿ."

"ಅವಳು ಬಂದ್ಮೇಲೆ ತಿಂತೀನಿ."

ಅಲ್ಲಿಂದ ಬಾಯಿ ತೆರೆದಿಲ್ಲ. ಐದು ದಿನವಾಯಿತು, ಗ್ಲೂಕೋಸ್ ಏರಿಸಿದ್ದಾರೆ. ತ್ರಹಾನಾ ತಪ್ಪಾಗಿದ್ದಾಗ ಒಂದು ಚಮಚವಾದರೂ ಒಳಗೆ ಹೋಗುತ್ತಿತ್ತು, ಸರಿಯಾದ ಮೇಲೆ ಅದೂ ಇಲ್ಲ. ದಿನಕ್ಕೆ ಹತ್ತು ಸಲ ಅಮ್ಮ ಬಂದ್ಲಾ ಅನ್ನುತ್ತಾರೆ. ಹತ್ತು ಸಲವೂ ನಾನು ಆ ಟೆಲಿಗ್ರಾಂ ಬಚ್ಚಿಡುತ್ತೇನೆ. ನನಗೆ ತಕ್ಕದ್ದೇ ಆಯಿತು ಅನ್ನಿ. ಆದರೆ ಏನು ಮಾಡಲಿ, ಅದನ್ನೂ ಹೇಳಿ.

ಅರೆತಿ


ಲೆಸ್ವೋಸ್
28 ಮೇ 1994

ಅರೆತಿ, ಮಗಳೇ,

ತಕ್ಕದ್ದೇ ಆಯಿತು ಅಂತ ನಾನು ಅನ್ನುವುದಿಲ್ಲ. ವೃದ್ಧಾಶ್ರಮದ ಮಾತೂ ಎತ್ತುವುದಿಲ್ಲ. ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಯಾರು ಪಕ್ಕದಲ್ಲಿರುತ್ತಾರೋ ಅವರು ಇರುವುದೇ ಅವನ ಮನೆ.

ಏನು ಮಾಡಬೇಕೆಂದು ಗೊತ್ತಾಗಿದೆ. ನಾನು ಬರುತ್ತೇನೆ.

ನಗಬೇಡ. ಎಪ್ಪತ್ತೊಂದು ವರ್ಷ, ಪಿರಿಯಾಸ್ ಬಂದರಿನ ಆಚೆ ಕಾಲಿಟ್ಟವಳಲ್ಲ. ಆದರೆ ಈ ಊರಿನಲ್ಲಿ ಯಾರನ್ನಾದರೂ ಕೇಳು, ನಾನು ಈಗ ಅಮ್ಮನ ಅಚ್ಚು. ಅದೇ ಮೂಗು, ಅದೇ ಗೂನು. ಅವಳ ಕಪ್ಪು ತಲೆವಸ್ತ್ರ ಪೆಟ್ಟಿಗೆಯಲ್ಲಿದೆ. ಅದನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತರೆ ಅವನು ಅಮ್ಮ ಅನ್ನುತ್ತಾನೆ. ನಾನು ಹ್ಞೂಂ ಅನ್ನುತ್ತೇನೆ. ಚಮಚ ನನ್ನ ಕೈಗೆ ಕೊಡು, ತಿನ್ನದೆ ಎಲ್ಲಿ ಹೋಗುತ್ತಾನೆ.

ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ಫೋಟೋದವನು "ಸ್ವಲ್ಪ ನಗಿ ಅಜ್ಜಿ," ಅಂದ. "ನಗೋಕಲ್ಲ ಹೋಗ್ತಿರೋದು," ಅಂದೆ. ಕಾಗದಪತ್ರ ಮುಗಿಯಲು ಸಮಯ ಹಿಡಿಯುತ್ತದಂತೆ. ಆಗಸ್ಟ್ ಹದಿನೈದರ ದೇವಮಾತೆಯ ಹಬ್ಬ ಮುಗಿದ ಕೂಡಲೇ ಹೊರಡುತ್ತೇನೆ. ಹೊಸ ತ್ರಹಾನಾವನ್ನು ಲಂಗದ ಅಂಚಿನಲ್ಲಿ ಹೊಲಿದುಕೊಂಡು ಬರುತ್ತೇನೆ. ಮುದುಕಿಯ ಲಂಗ ಯಾರು ಬಿಚ್ಚಿಸುತ್ತಾರೆ ನೋಡೋಣ.

ಅಲ್ಲಿಯವರೆಗೆ ಹೇಗಾದರೂ ಅವನನ್ನು ಹಿಡಿದಿಡು. ಅಮ್ಮ ಹಡಗು ಹತ್ತಿದ್ದಾಳೆ ಅಂತ ಹೇಳು. ಅದು ಸುಳ್ಳಲ್ಲ.

ನಿನ್ನ ಅಕ್ಕ,
ಮಿರ್ಸೀನಿ


ಬ್ರೈಟನ್
20 ಜೂನ್ 1994

ಮಿರ್ಸೀನಿ ಅಕ್ಕನಿಗೆ,

ನಿಮ್ಮ ಕಾಗದ ತಲುಪಿತು. ಇಲ್ಲಿ ಎಲ್ಲ ಹಾಗೇ ಇದೆ. ಇವರು ಶಾಂತವಾಗಿದ್ದಾರೆ. ಈಗ ಇಲ್ಲಿ ವಿಪರೀತ ಚಳಿ, ಆಗಸ್ಟಿನಲ್ಲೂ ಬಿಡುವುದಿಲ್ಲ. ನಿಮ್ಮ ಮೊಣಕಾಲಿಗೆ ಒಳ್ಳೆಯದಲ್ಲ. ಪ್ರಯಾಣದ ಬಗ್ಗೆ ಅವಸರ ಮಾಡಬೇಡಿ. ನಿಧಾನವಾಗಿ ಯೋಚಿಸಿ.

ಮಿಸೆಸ್ ವಿನ್‌ಸ್ಲೋ ನಿಮ್ಮನ್ನು ವಿಚಾರಿಸಿದಳು. ಅವಳ ಅಂಜೂರದ ಎಲೆ ಎಲ್ಲ ಉದುರಿತು.

ಅರೆತಿ

ಮರೆತಿದ್ದೆ. ಚರ್ಚಿನಲ್ಲಿ ಪರಿಚಯದ ಹೆಂಗಸೊಬ್ಬಳು ಕೇಳುತ್ತಿದ್ದಾಳೆ. ನಿಮ್ಮ ಕಡೆ ಗೋಧಿ ಬೇಯಿಸಿದ ಮೇಲೆ ಅದು ನೀರು ಬಿಡದ ಹಾಗೆ ಏನು ಮಾಡುತ್ತೀರಿ? ಇಲ್ಲಿಯ ಥಂಡಿಗೆ ಮೇಲಿನ ಸಕ್ಕರೆ ಕರಗಿಹೋಗುತ್ತದಂತೆ. ಜುಲೈ ಇಪ್ಪತ್ತರೊಳಗೆ ತಿಳಿದರೆ ಒಳ್ಳೆಯದಿತ್ತು ಅಂದಳು.


ಲೆಸ್ವೋಸ್
4 ಜುಲೈ 1994

ಅರೆತಿ,

ಗೋಧಿ ಬೇಯಿಸಿ ಸಕ್ಕರೆ ಮುಚ್ಚುವ ಅಡುಗೆ ನಮ್ಮಲ್ಲಿ ಒಂದೇ. ಅದು ಕೋಲಿವಾ. ನಲವತ್ತನೆಯ ದಿನ ಹಂಚುವ, ಸತ್ತವರ ಗೋಧಿ. ಕಾಯಿಲೆಯವರ ಮನೆಯಲ್ಲಿ ಅದರ ಹೆಸರನ್ನೂ ಎತ್ತುವುದಿಲ್ಲ, ನೀನು ತಾರೀಖು ಹಾಕಿ ಕೇಳಿದ್ದೀಯ. ಜುಲೈ ಇಪ್ಪತ್ತರಿಂದ ನಲವತ್ತು ದಿನ ಹಿಂದಕ್ಕೆ ಎಣಿಸಿದೆ. ಜೂನ್ ಹನ್ನೊಂದು. ಆ ದಿನ ನಾನು ಪಾಸ್‌ಪೋರ್ಟಿನ ಕಾಗದಕ್ಕೆ ಸಹಿ ಹಾಕುತ್ತಿದ್ದೆ.

ಕಾಗದ ಹಿಡಿದು ಅಂಗಳದಲ್ಲಿ ಕೂಗಿಕೊಂಡೆ. ಕಿವುಡಿಗೆ ತನ್ನ ಕೂಗು ಕೇಳಿಸುವುದಿಲ್ಲ, ಅಕ್ಕಪಕ್ಕದವರು ಓಡಿಬಂದರು. ಮೊದಲು ನಿನ್ನನ್ನೇ ಬೈದೆ. ಮತ್ತೆ ಮುಚ್ಚಿಟ್ಟಳು ಅಂದೆ. ಆಮೇಲೆ ನಿನ್ನ ಕಾಗದ ಇನ್ನೊಂದು ಸಲ ಓದಿದೆ. ಈ ಸಲ ನೀನು ಮುಚ್ಚಿಡಲಿಲ್ಲ. ಬಾಯಿ ಬರದೆ ಕೋಲಿವಾದ ಮೂಲಕ ಹೇಳಿದೆ. ನಲವತ್ತನೆಯ ದಿನ ದಾಟುವ ಮೊದಲೇ ಹೇಳಿದೆ. ನನಗೆ ಮೇಣದಬತ್ತಿ ಹಚ್ಚಲು ಸಮಯ ಬಿಟ್ಟೆ.

ಈಗ ಗಮನವಿಟ್ಟು ಓದು, ಏನನ್ನೂ ಬಿಡುತ್ತಿಲ್ಲ. ಗೋಧಿ ಒಡೆಯುವವರೆಗೆ ಬೇಯಿಸು. ಬಸಿದು, ದೊಡ್ಡ ಬಿಳಿ ಬಟ್ಟೆಯ ಮೇಲೆ ತೆಳುವಾಗಿ ಹರವಿ ಒಂದು ಪೂರ್ತಿ ದಿನ ಬಿಡು. ಕೈಯಲ್ಲಿ ಹಿಡಿದರೆ ಅಂಗೈ ಒಣಗಿರಬೇಕು. ದ್ರಾಕ್ಷಿ, ದಾಳಿಂಬೆ, ಬಾದಾಮಿ, ದಾಲ್ಚಿನ್ನಿ ಸೇರಿಸು. ತಟ್ಟೆಯಲ್ಲಿ ದಿಬ್ಬ ಮಾಡಿ ಅದರ ಮೇಲೆ ಹುರಿಗಡಲೆ ಪುಡಿಯನ್ನು ಬೆರಳಿನಷ್ಟು ದಪ್ಪ ಮುಚ್ಚು. ಗುಟ್ಟು ಅದೇ. ನೀರನ್ನು ಅದು ಕುಡಿಯುತ್ತದೆ, ಸಕ್ಕರೆಯ ಹತ್ತಿರ ಬಿಡುವುದಿಲ್ಲ. ಆಮೇಲೆ ಸಕ್ಕರೆ ಪುಡಿ, ಕಾಗದ ಇಟ್ಟು ಒತ್ತು. ಅವನ ಹೆಸರಿನ ಮೊದಲ ಅಕ್ಷರ ಬಾದಾಮಿಯಲ್ಲಿ ಬರೆ.

ನನ್ನದೂ ಒಂದು ಸುಳ್ಳಿದೆ. ದಿಂಬಿನಲ್ಲಿ ಕಳಿಸಿದ ಹನ್ನೆರಡು ಬಟ್ಟಲು ನನ್ನ ಕೈಯವಲ್ಲ, ಪಕ್ಕದ ಮನೆಯವಳದು. ನನ್ನ ಬೆರಳಿಗೆ ಉಂಡೆ ಒತ್ತುವ ಬಲ ಹೋಗಿ ನಾಲ್ಕು ವರ್ಷವಾಯಿತು. ಅವು ಸುಟ್ಟುಹೋದದ್ದಕ್ಕೆ ಅಳಬೇಡ. ಅಮ್ಮನ ತ್ರಹಾನಾ ಈಗ ಮಾಡಿರುವವಳು ಈ ಭೂಮಿಯ ಮೇಲೆ ನೀನೊಬ್ಬಳೇ.

ಒಂದನ್ನು ಮಾತ್ರ ಹೇಳು. ಅವನು ಖಾಲಿ ಹೊಟ್ಟೆಯಲ್ಲಿ ಹೋದನೇ?

ಮಿರ್ಸೀನಿ


ಬ್ರೈಟನ್
22 ಜುಲೈ 1994

ಅಕ್ಕ,

ಇಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಲಿಲ್ಲ. ಅದನ್ನು ಬರೆಯಲಾರದೆಯೇ ನಾನು ಏನನ್ನೂ ಬರೆಯಲಿಲ್ಲ.

ಜೂನ್ ಎಂಟರ ಮಧ್ಯಾಹ್ನ. ನಾನು ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ, ತಲೆ ತಿರುಗಿತು. ವೃದ್ಧಾಶ್ರಮದ ಮೂಲೆಯಲ್ಲಿ ಒಂದು ಕರಿದ ಮೀನಿನ ಅಂಗಡಿ ಇದೆ. ಎರಡು ಆಲೂಗಡ್ಡೆ ಬಜ್ಜಿ ಕಟ್ಟಿಸಿಕೊಂಡು ಬಂದೆ. ನಮ್ಮ ಅಂಗಡಿಯಲ್ಲಿ ಮೂವತ್ತು ವರ್ಷ ದಿನಾ ಕರಿದದ್ದು ಅದನ್ನೇ. ನಾನು ಅದನ್ನು ಊಟವೆಂದು ಎಂದೂ ಲೆಕ್ಕಕ್ಕೆ ಹಿಡಿದವಳಲ್ಲ, ಅದು ಇಲ್ಲಿಯವರಿಗೆ ಮಾರುವ ಸಾಮಾನು. ಇವರ ಮಂಚದ ಪಕ್ಕ ಕೂತು ಪೊಟ್ಟಣ ಬಿಚ್ಚಿದೆ. ವಿನಿಗರಿನ ವಾಸನೆ ಎದ್ದಿತು. ಇವರು ಕಣ್ಣು ಬಿಟ್ಟರು. ಎಡಗೈ ಚಾಚಿದರು.

ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಗಟ್ಟಿ ಪದಾರ್ಥ ಕೊಡಬಾರದು ಅಂತ ಗೋಡೆಯ ಮೇಲೆ ಬರೆದು ಅಂಟಿಸಿದ್ದರು. ನಾನು ಬಾಗಿಲು ಮುಚ್ಚಿದೆ. ಉಗುರಿನಷ್ಟು ಮುರಿದು ವಿನಿಗರಿನಲ್ಲಿ ನೆನೆಸಿ ಬಾಯಿಗಿಟ್ಟೆ. ನುಂಗಿದರು. ಇನ್ನೊಂದು. ಅಕ್ಕ, ಇವರು ಒಂದು ಇಡೀ ಬಜ್ಜಿ ತಿಂದರು.

"ಎಣ್ಣೆ ನಿನ್ನೇದು," ಅಂದರು.

"ಹೌದಾ?"

"ಬದಲಾಯಿಸ್ಬೇಕು ಕಣೇ ಅರೆತಿ. ಗಿರಾಕಿಗೆ ಗೊತ್ತಾಗುತ್ತೆ."

ಅರೆತಿ ಅಂದರು. ಐದು ತಿಂಗಳಲ್ಲಿ ಮೊದಲ ಸಲ. ಅಮ್ಮ ಬಂದ್ಲಾ ಅಂತ ಆ ದಿನ ಕೇಳಲೇ ಇಲ್ಲ. ಉಪ್ಪು ಮೆತ್ತಿದ ನನ್ನ ಬೆರಳುಗಳನ್ನು ಹಿಡಿದುಕೊಂಡೇ ನಿದ್ದೆ ಹೋದರು.

ಮಾರನೆಯ ದಿನ ಜ್ವರ ಬಂತು. ಶ್ವಾಸಕೋಶದಲ್ಲಿ ಸೋಂಕು ಅಂದರು. ಹನ್ನೊಂದರ ಬೆಳಿಗ್ಗೆ ಹೋದರು. ಡಾಕ್ಟರಿಗೆ ಹೇಳಿಬಿಟ್ಟೆ. "ಸೋಂಕು ವಾರದಿಂದ ಇತ್ತು, ನಿಮ್ಮಿಂದಲ್ಲ," ಅಂದರು. ಒಳ್ಳೆಯವರು ಹಾಗೆ ಹೇಳಲೇಬೇಕಲ್ಲ. ಅದು ನನ್ನ ಬಜ್ಜಿಯಿಂದಲೋ ಏನೋ, ನನಗೆ ತಿಳಿಯದು. ನೀವು ಅಮ್ಮನ ತಲೆವಸ್ತ್ರ ತೆಗೆದಿಟ್ಟು ಕಾಯುತ್ತಿದ್ದಿರಿ. ನಾನು ಇಲ್ಲಿ ನಿಮ್ಮ ತಮ್ಮನಿಗೆ ನಿಷೇಧಿಸಿದ್ದನ್ನು ತಿನ್ನಿಸಿದೆ. ಇದನ್ನು ಹೇಗೆ ಬರೆಯಲಿ?

ಮೊನ್ನೆ ನಲವತ್ತನೆಯ ದಿನ ಆಯಿತು. ಗೋಧಿ ಒಂದು ಹನಿ ನೀರು ಬಿಡಲಿಲ್ಲ, ಸಕ್ಕರೆ ಗಟ್ಟಿಯಾಗಿ ನಿಂತಿತ್ತು. ಓಕ್ಲಿಯ ಹೆಂಗಸರು ಯಾರು ಕಲಿಸಿದರು ಅಂತ ಕೇಳಿದರು. ನಿಮ್ಮ ಹೆಸರು ಹೇಳಿದೆ. ಇವರು ಎಲ್ಲಿ ತೀರಿಕೊಂಡರು ಅಂತಲೂ ಕೇಳಿದರು. ಅದನ್ನೂ ಮುಚ್ಚಿಡದೆ ಹೇಳಿದೆ. ಉಳಿದದ್ದನ್ನು ನಮ್ಮ ಬೀದಿಯಲ್ಲಿ ಹಂಚಿದೆ, ಮಿಸೆಸ್ ವಿನ್‌ಸ್ಲೋಗೂ ಕೊಟ್ಟೆ. ನಾಯಿ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ಗೇಟಿನ ಬಳಿ ನಿಂತು ಒಂದು ಹಿಡಿ ತಿಂದು, "ನಮ್ಮ ಏರಿಯಾದಲ್ಲಿ ಒಳ್ಳೇ ಗ್ರೀಕ್ ತಿಂಡಿ ಸಿಗೋದೇ ಇಲ್ಲ. ಇದು ಯಾವ ಅಂಗಡೀದು?" ಅಂದಳು. ಅಂಗಡಿ ಮುಚ್ಚಿದೆ ಅಂದೆ.

ನನ್ನನ್ನು ಕ್ಷಮಿಸಲಾಗದಿದ್ದರೆ ಮತ್ತೆ ಈಸ್ಟರ್ ಕಾರ್ಡ್ ಸಾಕು.

ಅರೆತಿ


ಲೆಸ್ವೋಸ್
6 ಆಗಸ್ಟ್ 1994

ಅರೆತಿ,

ನೀನು ಅವನನ್ನು ಕೊಲ್ಲಲಿಲ್ಲ. ನೀನು ಅವನಿಗೆ ಊಟ ಹಾಕಿದೆ. ಇದನ್ನು ಇನ್ನೊಂದು ಸಲ ನನ್ನಿಂದ ಬರೆಸಬೇಡ.

ಅಮ್ಮನ ಅಡುಗೆ ಬೇಕೆಂದು ಅವನು ಹಟ ಹಿಡಿದದ್ದಕ್ಕೆ ನಾನು ಒಳಗೊಳಗೇ ಹಿಗ್ಗಿದ್ದೆ. ಆ ದೂರದೇಶ ಅವನನ್ನು ನಮ್ಮಿಂದ ಪೂರ್ತಿ ಕಿತ್ತುಕೊಂಡಿಲ್ಲ ಅಂದುಕೊಂಡೆ. ನಿನ್ನ ಕಾಗದ ಓದಿ ಒಂದು ದಿನ ಹೊಟ್ಟೆ ಉರಿಯಿತು. ಆಮೇಲೆ ಯೋಚಿಸಿದೆ. ಹತ್ತೊಂಬತ್ತು ವರ್ಷ ಅಮ್ಮನ ಬಟ್ಟಲು, ಮೂವತ್ತು ವರ್ಷ ನಿನ್ನ ಬಾಣಲೆ. ಮನುಷ್ಯ ಕೊನೆಗೆ ತನ್ನ ಮನೆಯ ಊಟ ಕೇಳಿದ.

ಇವತ್ತು ಹಬ್ಬ. ದೇವಮಾತೆಯ ಹಬ್ಬಕ್ಕೆ ಹಿಡಿದ ಉಪವಾಸದ ನಡುವೆ ಎಣ್ಣೆ ಮುಟ್ಟಬಹುದಾದ ದಿನ. ಬೆಳಿಗ್ಗೆ ಬಾಣಲೆ ಇಟ್ಟೆ. ಆಲೂಗಡ್ಡೆ ಬಿಲ್ಲೆ ಮಾಡಿ ಹಿಟ್ಟಿನಲ್ಲಿ ಅದ್ದಿ ಕರಿದೆ, ವಿನಿಗರು ಚಿಮುಕಿಸಿದೆ, ತಟ್ಟೆ ಹೊತ್ತು ಚರ್ಚಿಗೆ ಹೋದೆ. ಪ್ರಾರ್ಥನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಹಂಚಿದೆ. ಪಾದ್ರಿ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದೇನಮ್ಮಾ ಮಿರ್ಸೀನಿ, ಯಾವ ಊರಿನ ಪದ್ಧತಿ?" ಅಂದ. "ನನ್ನ ತಮ್ಮನ ಊರಿಂದು," ಅಂದೆ. ಎಲ್ಲರೂ ತಿಂದು ಅವನ ಆತ್ಮಕ್ಕೆ ಶಾಂತಿ ಕೋರಿದರು.

ಆದರೆ ಚೆನ್ನಾಗಿ ಆಗಿರಲಿಲ್ಲ. ಎಣ್ಣೆ ಹೊಸದೇ ಹಾಕಿದ್ದೆ, ಅದು ತಪ್ಪಲ್ಲ. ಹಿಟ್ಟು ಆಲೂಗಡ್ಡೆಯನ್ನು ಹಿಡಿಯದೆ ಬಾಣಲೆಯಲ್ಲೇ ಬಿಟ್ಟುಕೊಂಡಿತು. ಅವನಿಗೆ ಕೊಟ್ಟಿದ್ದರೆ ಎರಡು ಮಾತು ಅಂದಿರುತ್ತಿದ್ದ.

ಪಾಸ್‌ಪೋರ್ಟ್ ಬಂದಿದೆ, ಐದು ವರ್ಷ ನಡೆಯುತ್ತದಂತೆ. ಇಲ್ಲಿ ಅವನ ವರ್ಷದ ದಿನಕ್ಕೆ ಮತ್ತೆ ಕರಿಯಬೇಕು. ಹಿಟ್ಟು ಹೇಗೆ ಕಲಸುತ್ತೀ, ನೀರು ಎಷ್ಟು, ಆಲೂಗಡ್ಡೆ ಒರೆಸಿಕೊಳ್ಳಬೇಕೋ ಬೇಡವೋ, ಬರೆ. ಏನನ್ನೂ ಬಿಡದೆ ಬರೆ.

ಮಿರ್ಸೀನಿ